ಹಳೆಯ ಕರಿ ಸೈಕಲ್ಲನ್ನು ದಿನದ ಓಡಾಟಕ್ಕೆ ಅಣಿಗೊಳಿಸುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕೊಟ್ಟಿಗೆಯಲ್ಲೋ ಮಹಡಿ ಮೆಟ್ಟಿಲ ಕೆಳಗೋ ವರ್ಷಗಟ್ಟಲೆ ನಿಂತಿದ್ದ 28 ಇಂಚಿನ ಸೈಕಲ್ ಹೊರಗೆ ಬರುತ್ತದೆ. ಮೊದಲು ಬಣ್ಣ, ಆಮೇಲೆ ದಪ್ಪ ಸ್ಪಂಜಿನ ಸೀಟು, ಆಮೇಲೆ ಹೊಸ ಟೈರು. ಎರಡು ವಾರ ಆಫೀಸಿಗೆ ಓಡಿಸುವಷ್ಟರಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಚೈನು ಬೀಳುತ್ತದೆ, ಮೊಣಕಾಲು ನೋಯುತ್ತದೆ, ಸೈಕಲ್ ಮತ್ತೆ ಕೊಟ್ಟಿಗೆ ಸೇರುತ್ತದೆ. ಇದು ಬಿಡಿಭಾಗಗಳ ತಪ್ಪಲ್ಲ, ಕೆಲಸದ ಕ್ರಮದ ತಪ್ಪು.

ಕಂಬಿ ಬ್ರೇಕಿನ, ಅಂದರೆ ಕೇಬಲ್ಲಿನ ಬದಲು ಕಬ್ಬಿಣದ ಕಂಬಿಗಳು ಎಳೆಯುವ ಬ್ರೇಕಿನ, ಸೈಕಲ್ಲಿನಲ್ಲಿ ಒಂದು ಭಾಗ ಇನ್ನೊಂದಕ್ಕೆ ಅಂಟಿಕೊಂಡಿದೆ. ಹ್ಯಾಂಡಲ್ ಎತ್ತಿದರೆ ಅದರ ಜೊತೆಗೆ ಬ್ರೇಕಿನ ಕಂಬಿಯೂ ಮೇಲೇಳುತ್ತದೆ. ಚೈನು ಬಿಗಿ ಮಾಡಲು ಹಿಂದಿನ ಚಕ್ರ ಎಳೆದರೆ ಹಿಂಬ್ರೇಕಿನ ರಬ್ಬರ್ ರಿಮ್ಮಿನಿಂದ ಸರಿಯುತ್ತದೆ. ರಿಮ್ಮಿನ ಬೆಂಡ್ ಆಮೇಲೆ ತೆಗೆದರೆ ಬ್ರೇಕನ್ನು ಮತ್ತೆ ಮೊದಲಿನಿಂದ ಕೂರಿಸಬೇಕು. ಆದ್ದರಿಂದ ಫ್ರೇಮು, ಬೇರಿಂಗು, ಚಕ್ರ, ಚೈನು, ಕೂರುವ ಭಂಗಿ, ಆಮೇಲೆ ಬ್ರೇಕು, ಕೊನೆಗೆ ಬಣ್ಣ. ಈ ಸಾಲನ್ನು ಮುರಿಯಬೇಡಿ.

ಬೇಕಾಗುವ ಸಾಮಾನು

10ರಿಂದ 17 ಮಿ.ಮೀ. ತನಕದ ಸ್ಪ್ಯಾನರ್‌ಗಳು ಮತ್ತು ಒಂದು ಒಳ್ಳೆಯ ಅಡ್ಜಸ್ಟಬಲ್ ಸ್ಪ್ಯಾನರ್. ಹಳೆಯ ನಟ್ಟುಗಳು ಅನೇಕ ಸಲ ಮಿಲಿಮೀಟರ್ ಅಳತೆಗೆ ಸರಿಯಾಗಿ ಕೂರುವುದಿಲ್ಲ. ಸಡಿಲ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಉರುಟಾಗಿ ಕೆಲಸ ಮೂರು ಪಟ್ಟು ಹೆಚ್ಚುತ್ತದೆ. ಹಬ್ಬಿನ (ಚಕ್ರದ ನಡುಭಾಗದ) ಕೋನಿಗೆ, ಅಂದರೆ ಬೇರಿಂಗಿನ ಬಾಲ್ಸು ಉರುಳುವ ಶಂಕುವಿನಂಥ ನಟ್ಟಿಗೆ, ತೆಳುವಾದ ಕೋನ್ ಸ್ಪ್ಯಾನರ್ ಬೇಕೇ ಬೇಕು, ಸಾಮಾನ್ಯ ಸ್ಪ್ಯಾನರ್ ಅಲ್ಲಿ ಹೋಗುವುದಿಲ್ಲ. ಕಡ್ಡಿ ತಿರುಗಿಸುವ ಕೀ, ಟೈರ್ ಲಿವರ್, ಅರ್ಧ ಕಿಲೋ ಮೀರಿದ ಸುತ್ತಿಗೆ, ಅರ, ಚಪ್ಪಟೆ ಸ್ಟೀಲ್ ಸ್ಕೇಲು, ಚೈನ್ ಬಿಚ್ಚುವ ಟೂಲು, ಒಂದಡಿ ಉದ್ದದ ದಪ್ಪ ಕಬ್ಬಿಣದ ಪೈಪಿನ ತುಂಡು. ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಶ್, ಅರ್ಧ ಕಿಲೋ ಬೇರಿಂಗ್ ಗ್ರೀಸು, ತುಕ್ಕು ಬಿಡಿಸುವ ಸ್ಪ್ರೇ.

ಬಿಚ್ಚುವ ಮೊದಲು ಬ್ರೇಕಿನ ಕಂಬಿ, ಮೂಲೆಯ ತಿರುವು, ಕ್ಲಿಪ್ಪುಗಳ ಫೋಟೋವನ್ನು ನಾಲ್ಕು ಕಡೆಯಿಂದ ತೆಗೆದಿಟ್ಟುಕೊಳ್ಳಿ. ಈ ಬ್ರೇಕಿನ ಸಣ್ಣ ತುಂಡುಗಳು ಅದಲುಬದಲಾದರೆ ತಿರುಗಿ ಕೂರಿಸುವಷ್ಟರಲ್ಲಿ ಒಂದು ದಿನ ಹೋಗುತ್ತದೆ.

ಹಂತ 1: ಈ ಸೈಕಲ್ ದುಡ್ಡು ಹಾಕಲು ಯೋಗ್ಯವೇ?

ಒಂದು ರೂಪಾಯಿಯೂ ಖರ್ಚು ಮಾಡುವ ಮೊದಲು ಅರ್ಧ ಗಂಟೆ ಫ್ರೇಮ್ ನೋಡಿ. ಹ್ಯಾಂಡಲ್ ಕೂರುವ ಕೊಳವೆಗೆ ಮೇಲಿನ ಬಾರೂ ಕೆಳಗಿನ ಬಾರೂ ಸೇರುವ ಜಾಗದ ಅಡಿಭಾಗಕ್ಕೆ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬು ಸಿಕ್ಕರೆ ಆ ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿದೆ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಕಾಲುಗಳನ್ನು ಪಕ್ಕದಿಂದ ನೋಡಿ. ಕೆಳಗಿನ ಮುಂಬಾಗು ಸಹಜ, ಮೇಲ್ಭಾಗವೇ ಹಿಂದಕ್ಕೆ ಬಾಗಿದ್ದರೆ ಫೋರ್ಕ್ ಬದಲಿಸಬೇಕು.

ಫ್ರೇಮ್ ನೆಟ್ಟಗಿದೆಯೇ ಎಂದು ದಾರದಿಂದ ತಿಳಿಯುತ್ತದೆ. ಹಿಂದಿನ ಚಕ್ರ ತೆಗೆದು, ಎಕ್ಸೆಲ್ ಕೂರುವ ಒಂದು ಕಡೆಯಿಂದ ದಾರ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆಯನ್ನು ಬಳಸಿ ಇನ್ನೊಂದು ಕಡೆಗೆ ಬಿಗಿಯಾಗಿ ತನ್ನಿ. ಸೀಟಿನ ಕೊಳವೆಯಿಂದ ದಾರಕ್ಕೆ ಇರುವ ಅಂತರವನ್ನು ಎರಡೂ ಬದಿ ಅಳೆಯಿರಿ. 2-3 ಮಿ.ಮೀ. ವ್ಯತ್ಯಾಸಕ್ಕೆ ಚಿಂತೆ ಬೇಡ. 6-7 ಮಿ.ಮೀ. ಬಂದರೆ ಬೇರೆ ಫ್ರೇಮ್ ಹುಡುಕುವುದು ಲೇಸು.

ಕ್ರ್ಯಾಂಕ್ (ಪೆಡಲಿನ ತೋಳು) ಕೂರುವ ಶೆಲ್ಲಿನ, ಅಂದರೆ ಅಡ್ಡ ಕೊಳವೆಯ, ತಳ ನೀರು ನಿಲ್ಲುವ ಜಾಗ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ, ಮಂಕಾದ ಸದ್ದು ಬಂದರೆ ಅಥವಾ ತುಕ್ಕು ಪದರಪದರವಾಗಿ ಉದುರಿದರೆ ಕೈಬಿಡಿ.

ಕೊನೆಯದಾಗಿ ಎತ್ತರ. ಚಪ್ಪಲಿ ಹಾಕಿಕೊಂಡು ಬಾರಿನ ಮೇಲೆ ಕಾಲು ಅಗಲಿಸಿ ನಿಲ್ಲಿ. ಬಾರಿಗೂ ತೊಡೆಸಂದಿಗೂ ಎರಡು ಬೆರಳಾದರೂ ಜಾಗ ಉಳಿಯಬೇಕು. 24 ಇಂಚಿನ ಫ್ರೇಮ್ ಎತ್ತರದವರಿಗೆ ಮಾತ್ರ, ಮಧ್ಯಮ ಎತ್ತರದವರಿಗೆ 22 ಇಂಚು. ದೊಡ್ಡ ಫ್ರೇಮಿಗೆ ಸೀಟು ಎಷ್ಟು ಇಳಿಸಿದರೂ ಸಿಗ್ನಲ್‌ನಲ್ಲಿ ನಿಲ್ಲುವಾಗ ಅದು ನಿಮ್ಮನ್ನು ಕಾಡುತ್ತದೆ. ಸೀರೆ, ಪಂಚೆ ಉಡುವವರು ಬಾರಿಲ್ಲದ ಲೇಡೀಸ್ ಫ್ರೇಮನ್ನೇ ಆರಿಸಿ.

ಹಂತ 2: ಕಾಟರ್ ಪಿನ್ ಮತ್ತು ಬಿ.ಬಿ. ಎಕ್ಸೆಲ್

ಬಿ.ಬಿ. ಎಂದರೆ ಬಾಟಮ್ ಬ್ರಾಕೆಟ್, ಎರಡು ಕ್ರ್ಯಾಂಕುಗಳನ್ನು ಜೋಡಿಸುವ ಎಕ್ಸೆಲ್ ತಿರುಗುವ ಜಾಗ. ಕ್ರ್ಯಾಂಕನ್ನು ಆ ಎಕ್ಸೆಲ್ಲಿಗೆ ಬಿಗಿಯುವ ಬೆಣೆಯಂಥ ಪಿನ್ನೇ ಕಾಟರ್ ಪಿನ್. ಇಲ್ಲಿ ಕೆಡುವಷ್ಟು ಸೈಕಲ್ ಬೇರೆಲ್ಲೂ ಕೆಡುವುದಿಲ್ಲ, ಆದ್ದರಿಂದ ನಿಧಾನವಾಗಿ ಓದಿ.

ಪೆಡಲ್ ಮೊದಲು ತೆಗೆಯಿರಿ. ಎಡ ಪೆಡಲಿನ ಮರೆ (ಸ್ಕ್ರೂವಿನ ಸುತ್ತುಗೆರೆ) ಉಲ್ಟಾ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಆಮೇಲೆ ಕಾಟರ್ ಪಿನ್ನಿನ ನಟ್ಟನ್ನು ಪೂರ್ತಿ ತೆಗೆಯಬೇಡಿ. ಪಿನ್ನಿನ ತುದಿಗೆ ಸಮನಾಗಿ ನಿಲ್ಲುವಷ್ಟು ಮಾತ್ರ ಸಡಿಲಿಸಿ, ಇದರಿಂದ ಮರೆ ಉಳಿಯುತ್ತದೆ. ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಮರುದಿನ ಪಿನ್ನಿನ ತಲೆ ಪೈಪಿನ ಬಾಯೊಳಗೆ ಬರುವಂತೆ ಕ್ರ್ಯಾಂಕಿನ ಕೆಳಗೆ ಪೈಪನ್ನು ನೆಲಕ್ಕೆ ಊರಿ ಕೊಟ್ಟು, ನಟ್ಟಿನ ಮೇಲೆ ಒಂದೇ ಭಾರದ ಏಟು ಹಾಕಿ. ಹೆದರಿ ಟುಕು ಟುಕು ಹತ್ತು ಏಟು ಹೊಡೆಯುವುದೇ ದೊಡ್ಡ ತಪ್ಪು: ಪಿನ್ನು ಬಾಗಿ, ತುದಿ ಅಣಬೆಯಂತೆ ಹರಡಿ, ಕೊನೆಗೆ ಡ್ರಿಲ್ ಹಾಕಬೇಕಾಗುತ್ತದೆ. ಕೆಳಗೆ ಪೈಪಿನ ಆಸರೆ ಇಲ್ಲದೆ ಹೊಡೆದರೆ ಏಟೆಲ್ಲ ಬೇರಿಂಗಿಗೆ ಹೋಗಿ, ಬಾಲ್ಸು ಕೂರುವ ಬಟ್ಟಲಿನಲ್ಲಿ, ಅಂದರೆ ಕಪ್ಪಿನಲ್ಲಿ, ಗುಳಿ ಬೀಳುತ್ತದೆ.

ಎಡಗಡೆಯ ಲಾಕ್ ರಿಂಗ್ ಮತ್ತು ಕಪ್ಪು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಚೈನ್ ಕಡೆಯ ಕಪ್ಪಿಗೆ ಉಲ್ಟಾ ಮರೆ. ಗುಳಿ ಬಿದ್ದಿಲ್ಲವಾದರೆ ಅದನ್ನು ಬಿಚ್ಚಲೇಬೇಡಿ, ಟಾರ್ಚ್ ಬಿಟ್ಟು ನೋಡಿ, ಅಲ್ಲೇ ಬಟ್ಟೆಯಿಂದ ಒರೆಸಿದರೆ ಸಾಕು. ಬಾಲ್ಸುಗಳನ್ನು ಪೂರ್ತಿ ಸೆಟ್ಟಾಗಿ ಹೊಸದು ಹಾಕಿ: ಸಾಮಾನ್ಯವಾಗಿ ಬಿ.ಬಿ.ಗೆ ಕಾಲು ಇಂಚಿನವು ಕಡೆಗೆ 11ರಂತೆ 22, ಹಿಂದಿನ ಹಬ್ಬಿಗೆ ಅದೇ ಅಳತೆಯವು ಕಡೆಗೆ 9, ಮುಂದಿನ ಹಬ್ಬಿಗೆ 3/16 ಇಂಚಿನವು ಕಡೆಗೆ 10. ಅಂಗಡಿಗೆ ಹೋಗುವಾಗ ಹಳೆಯದನ್ನು ಮಾದರಿಗೆ ಒಯ್ಯಿರಿ. ಎರಡು ಹಳೆಯವು, ಉಳಿದವು ಹೊಸವು ಎಂದು ಬೆರೆಸಿದರೆ ಭಾರವೆಲ್ಲ ದೊಡ್ಡ ಬಾಲ್ಸುಗಳ ಮೇಲೇ ಬಿದ್ದು ಬೇಗ ಸವೆಯುತ್ತವೆ.

ಹೊಸ ಕಾಟರ್ ಪಿನ್ 9 ಮತ್ತು 9.5 ಮಿ.ಮೀ. ಎರಡರಲ್ಲೂ ಸಿಗುತ್ತದೆ, ಹಳೆಯದನ್ನು ಅಳೆದೇ ತನ್ನಿ. ಕೂರಿಸುವಾಗ ಎರಡು ಪಿನ್ನುಗಳೂ ಎದುರುಬದುರು ದಿಕ್ಕಿನಿಂದ ಒಳಹೋಗಬೇಕು. ಬಲ ಕ್ರ್ಯಾಂಕ್ ಕೆಳಗಿದ್ದಾಗ ಅದರ ನಟ್ಟು ಹಿಂದಕ್ಕಿದ್ದರೆ, ಎಡ ಕ್ರ್ಯಾಂಕ್ ಕೆಳಗೆ ಬಂದಾಗ ಅದರ ನಟ್ಟೂ ಹಿಂದಕ್ಕೇ ಇರಬೇಕು. ಹಾಗಿಲ್ಲದಿದ್ದರೆ ಎರಡು ಪೆಡಲು ಒಂದೇ ಗೆರೆಗೆ ಬರುವುದಿಲ್ಲ, ತುಳಿತ ಕುಂಟುತ್ತದೆ. ಪಿನ್ನು ಹೆಚ್ಚು ಒಳಹೋಗದಿದ್ದರೆ ಚಪ್ಪಟೆ ಮುಖವನ್ನು ಅರದಿಂದ ಸಮವಾಗಿ ಸವರಿ. ಸುತ್ತಿಗೆಯಿಂದ ಕೂರಿಸಿದ ಮೇಲೆಯೇ ನಟ್ಟು ಬಿಗಿ ಮಾಡಿ. ನಟ್ಟಿನಿಂದಲೇ ಎಳೆದರೆ ಮರೆ ಹರಿಯುತ್ತದೆ. ಬ್ರೇಕು ಕೂರಿಸಿದ ಮೇಲೆ 15 ಕಿ.ಮೀ. ಓಡಿಸಿ ಮತ್ತೊಮ್ಮೆ ಏಟು, ಮತ್ತೊಮ್ಮೆ ಬಿಗಿ.

ಎಚ್ಚರಿಕೆಯ ಗುರುತು: ತುಳಿಯುವಾಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ "ಟಕ್" ಎಂದರೆ ಪಿನ್ನು ಸಡಿಲವಾಗಿದೆ. ಅಂದೇ ನಿಲ್ಲಿಸಿ. ಹಾಗೇ ಓಡಿಸಿದರೆ ಎಕ್ಸೆಲ್ಲಿನಲ್ಲಿ ಪಿನ್ನು ಕೂರುವ ಕಚ್ಚು ಮತ್ತು ಕ್ರ್ಯಾಂಕಿನ ತೂತು ಎರಡೂ ಹಾಳಾಗುತ್ತವೆ.

ಹಂತ 3: ಹಬ್ಬು, ಹ್ಯಾಂಡಲ್ ಕಪ್ಪು

ಕೋನಿನ ಮೇಲೆ ಬಾಲ್ಸು ಓಡಿದ ಹೊಳೆಯುವ ಗೆರೆ ಕಾಣುತ್ತದೆ. ಗೆರೆ ನಯವಾಗಿದ್ದರೆ ಇರಲಿ. ಉಗುರಿಗೆ ಗುಳಿ ತಾಗಿದರೆ ಕೋನ್ ಬದಲಿಸಿ. ಗ್ರೀಸಿನಲ್ಲಿ ಜಿಪುಣತನ ಬೇಡ.

ಕೋನ್ ಎಷ್ಟು ಬಿಗಿ? ಚಕ್ರ ಕೂರಿಸಿ ಎಕ್ಸೆಲ್ ನಟ್ಟು ಬಿಗಿ ಮಾಡಿ, ರಿಮ್ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಲೊಡಲೊಡ ಇರಬಾರದು. ಆಮೇಲೆ ಮುಂದಿನ ಚಕ್ರವನ್ನು ಮೇಲಕ್ಕೆತ್ತಿ ಬಿಟ್ಟುಬಿಡಿ. ವಾಲ್ವಿನ ಭಾರಕ್ಕೇ ಚಕ್ರ ತಾನಾಗಿ ತೂಗಾಡಿ ನಿಲ್ಲಬೇಕು. ನಡುವೆ ಗಕ್ಕನೆ ನಿಂತರೆ ಕೋನ್ ಕಾಲು ಸುತ್ತು ಹೆಚ್ಚು ಬಿಗಿಯಾಗಿದೆ.

ಹ್ಯಾಂಡಲ್ ಕಪ್ಪಿಗೂ ಇದೇ ಆರೈಕೆ. ಕಪ್ಪಿನ ತುಂಬ ಬಾಲ್ಸು ಜೋಡಿಸಿ ಒಂದನ್ನು ತೆಗೆದರೆ ಸರಿಯಾದ ಲೆಕ್ಕ. ಹ್ಯಾಂಡಲ್ ನೇರಕ್ಕೆ ಬಂದಾಗ ಕಚ್ಚಿ ನಿಲ್ಲುತ್ತಿದ್ದರೆ ಕಪ್ಪಿನಲ್ಲಿ ಗುಳಿಗಳಾಗಿವೆ. ಅಂಥ ಸೈಕಲ್ಲನ್ನು ಎಷ್ಟು ಅಭ್ಯಾಸವಿದ್ದರೂ ನೇರ ಓಡಿಸಲಾಗುವುದಿಲ್ಲ. ಕಪ್ಪುಗಳನ್ನು ಬದಲಿಸಿ.

ಹಂತ 4: ಚಕ್ರ ಮತ್ತು ಟೈರು

ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲಿ. ಈ ಸೈಕಲ್ಲುಗಳ ಟೈರು 28 × 1½, ಅದರ ಪಕ್ಕದಲ್ಲಿ 40-635 ಎಂದು ಅಚ್ಚಾಗಿರುತ್ತದೆ. ಹೊಸ ಕಾಲದ 700 ಸಿ ಟೈರಿನ ಮೇಲೂ ಕೆಲವೊಮ್ಮೆ 28 ಎಂದೇ ಬರೆದಿರುತ್ತಾರೆ, ಆದರೆ ಅದರ ಅಳತೆ 622. ವ್ಯಾಸದಲ್ಲಿ 13 ಮಿ.ಮೀ. ಕಮ್ಮಿ, ಹಳೆಯ ರಿಮ್ಮಿಗೆ ಏರುವುದೇ ಇಲ್ಲ. ಕೊಳ್ಳುವಾಗ 28 ನೋಡಬೇಡಿ, 635 ನೋಡಿ.

"ಅಲಾಯ್ ಚಕ್ರ ಹಾಕಿಬಿಡೋಣ" ಎನ್ನುವವರು ಇನ್ನೊಂದು ಲೆಕ್ಕ ಹಾಕಬೇಕು. ಕಂಬಿ ಬ್ರೇಕು ರಿಮ್ಮಿನ ಒಳಮುಖವನ್ನು, ಕಡ್ಡಿಗಳ ಎರಡೂ ಬದಿಯಲ್ಲಿ, ಒತ್ತುತ್ತದೆ. ಅಲಾಯ್ ರಿಮ್ಮಿಗೆ ಅಂಥ ಒಳಮುಖವಿಲ್ಲ, ಹಳೆಯ ರಿಮ್ಮಿಗೆ ಕೇಬಲ್ ಬ್ರೇಕು ಹಿಡಿಯುವಂಥ ಚಪ್ಪಟೆ ಪಕ್ಕವಿಲ್ಲ. ಅಂದರೆ ಚಕ್ರ ಬದಲಿಸಿದರೆ ಬ್ರೇಕೂ ಬದಲಾಗಬೇಕು. ಹಳೆಯ ಹಬ್ಬುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ, ಅಂಗಡಿಯಲ್ಲಿ ಸಿಗುವ ಬಹುಪಾಲು ಹಬ್ಬುಗಳದ್ದು 36 ತೂತು. ಸಮತಟ್ಟು ಊರಿನಲ್ಲಿ ಹಳೆಯ ಚಕ್ರವನ್ನೇ ಚೆನ್ನಾಗಿ ಮಾಡಿ ಇಟ್ಟುಕೊಳ್ಳುವುದು ಜಾಣತನ.

ಬೆಂಡ್ ತೆಗೆಯುವಾಗ ಎಲ್ಲರೂ ಅಕ್ಕಪಕ್ಕದ ಅಲುಗಾಟವನ್ನೇ ನೋಡುತ್ತಾರೆ. ಕಂಬಿ ಬ್ರೇಕಿಗೆ ಅದಕ್ಕಿಂತ ಮುಖ್ಯವಾದದ್ದು ಮೇಲೆ-ಕೆಳಗಿನ ಕುಣಿತ, ಯಾಕೆಂದರೆ ರಬ್ಬರ್ ಒತ್ತುವುದು ಆ ದಿಕ್ಕಿನಲ್ಲೇ. ರಿಮ್ಮು ಒಂದು ಕಡೆ 3 ಮಿ.ಮೀ. ಒಳಗೆ ತಗ್ಗಿದ್ದರೆ ಬ್ರೇಕು ಪ್ರತಿ ಸುತ್ತಿಗೂ ಒಮ್ಮೆ ಕಚ್ಚುತ್ತದೆ, ಒಮ್ಮೆ ಬಿಡುತ್ತದೆ. ಎರಡೂ ದಿಕ್ಕಿನ ವ್ಯತ್ಯಾಸ 1.5 ಮಿ.ಮೀ. ಒಳಗೆ ಬರಲಿ. ನಿಪ್ಪಲ್ಲನ್ನು (ಕಡ್ಡಿಯ ತುದಿಯ ಸಣ್ಣ ನಟ್ಟನ್ನು) ಟೈರಿನ ಕಡೆಯಿಂದ ನೋಡುತ್ತ ಬಲಕ್ಕೆ ತಿರುಗಿಸಿದರೆ ಕಡ್ಡಿ ಬಿಗಿಯಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚಲ್ಲ. ತುಕ್ಕು ಹಿಡಿದ ನಿಪ್ಪಲ್ಲಿಗೆ ಮೊದಲು ಎಣ್ಣೆ ಕುಡಿಸಿ, ಇಲ್ಲವಾದರೆ ಕಡ್ಡಿಯೇ ಹುರಿಯಾಗಿ ಮುರಿಯುತ್ತದೆ.

ರಿಮ್ ಟೇಪ್ ಹೊಸದು ಹಾಕಿ. ವಾಲ್ ಟ್ಯೂಬೂ, ಅಂದರೆ ವಾಲ್ವಿನೊಳಗಿನ ಸಣ್ಣ ರಬ್ಬರ್ ಕೊಳವೆಯೂ, ಹೊಸದಿರಲಿ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಪಂಕ್ಚರ್ ಹುಡುಕುವ ಅಗತ್ಯವಿಲ್ಲ, ಆ ರಬ್ಬರೇ ಹೋಗಿದೆ.

ಗಾಳಿ ಎಷ್ಟು ಎನ್ನುವುದೇ ಸುಖದ ಅರ್ಧ ಗುಟ್ಟು. ಸುಮಾರು 65-70 ಕಿಲೋ ತೂಕದವರಿಗೆ ಮುಂದೆ 40, ಹಿಂದೆ 50 ಪಿ.ಎಸ್.ಐ. ಹೊಂದುತ್ತದೆ, ಟೈರಿನ ಮೇಲೆ ಬರೆದ ಮಿತಿ ದಾಟಬೇಡಿ. ಈ ವಾಲ್ವಿಗೆ ಗೇಜು ಹಿಡಿದು ನೋಡಲಾಗುವುದಿಲ್ಲ. ಅದಕ್ಕೆ ಉಪಾಯ ಹೀಗೆ: ಹಿಂದಿನ ರಿಮ್ಮಿನ ಅಂಚಿನಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ, ನೀವು ಸೀಟಿನ ಮೇಲೆ ಕೂತಾಗ ಇನ್ನೊಬ್ಬರು ಮತ್ತೆ ಅಳೆಯಲಿ. 5-6 ಮಿ.ಮೀ. ತಗ್ಗಿದರೆ ಗಾಳಿ ಸರಿ. ಏನೂ ತಗ್ಗದಿದ್ದರೆ ಪ್ರತಿ ಹಂಪೂ ನಡುವಿಗೆ ಬಡಿಯುತ್ತದೆ, ಹೆಚ್ಚು ತಗ್ಗಿದರೆ ಗುಂಡಿಯ ಅಂಚಿಗೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಹಂತ 5: ಚೈನು, ಫ್ರೀವೀಲು

ಸ್ಕೇಲಿನ ಸೊನ್ನೆಯನ್ನು ಚೈನಿನ ಒಂದು ಪಿನ್ನಿನ ನಡುವಿಗೆ ಹಿಡಿದು ಬಿಗಿಯಾಗಿ ಎಳೆದು ನೋಡಿ. ಹೊಸ ಚೈನಿನಲ್ಲಿ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರುತ್ತದೆ. 12⅛ಕ್ಕೆ ಬಂದಿದ್ದರೆ ಚೈನು ಮುಗಿದಿದೆ. ಹಿಂದಿನ ಹಲ್ಲುಚಕ್ರದ, ಅಂದರೆ ಫ್ರೀವೀಲಿನ, ಹಲ್ಲುಗಳು ಒಂದು ಕಡೆಗೆ ಬಾಗಿ ಗರಗಸದಂತಾಗಿದ್ದರೆ ಚೈನಿನ ಜೊತೆ ಫ್ರೀವೀಲನ್ನೂ ಬದಲಿಸಿ. ಹೊಸ ಚೈನು ಹಳೆಯ ಹಲ್ಲಿನ ಮೇಲೆ ಜಾರುತ್ತದೆ.

ಏರು ಇರುವ ಊರಿನಲ್ಲಿ ದೊಡ್ಡ ಫ್ರೀವೀಲ್ ಹಾಕುವುದು ಈ ಸೈಕಲ್ಲಿಗೆ ಮಾಡಬಹುದಾದ ಅತ್ಯಂತ ಅಗ್ಗದ ಉಪಕಾರ. ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಸುಮಾರು 5.5 ಮೀಟರ್ ಹೋಗುತ್ತೀರಿ. ಹಿಂದೆ 22 ಹಾಕಿದರೆ 4.5 ಮೀಟರ್. ನಿಮಿಷಕ್ಕೆ 60 ಸುತ್ತಿನ ಲೆಕ್ಕದಲ್ಲಿ ವೇಗ ಗಂಟೆಗೆ ಸುಮಾರು 20 ಕಿ.ಮೀ.ಯಿಂದ 16ಕ್ಕೆ ಇಳಿಯುತ್ತದೆ, ಆದರೆ ಬೆಂಗಳೂರಿನಂಥ ಏರಿಳಿತದ ಊರಿನಲ್ಲಿ ಮೊಣಕಾಲು ಉಳಿಯುತ್ತದೆ. ಮೈಸೂರು, ದಾವಣಗೆರೆಯಂಥ ಕಡೆ 20 ಸಾಕು. ನಾಲ್ಕು ಹಲ್ಲು ಹೆಚ್ಚಾದರೆ ಚಕ್ರ ಸುಮಾರು 13 ಮಿ.ಮೀ. ಮುಂದೆ ಬರಬೇಕು, ಎಕ್ಸೆಲ್ ಕೂರುವ ಸೀಳಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಚೈನಿಗೆ ಒಂದು ಇಂಚು, ಅಂದರೆ ಒಳ-ಹೊರ ಜೋಡಿ ಒಂದನ್ನು, ಸೇರಿಸಿ.

ಚೈನನ್ನು ತಂತಿಯಂತೆ ಎಳೆಯಬೇಡಿ. ನಡುವೆ ಬೆರಳಿಟ್ಟರೆ 10-15 ಮಿ.ಮೀ. ಆಡಬೇಕು, ಅದೂ ಅತಿ ಬಿಗಿಯಾಗುವ ಜಾಗದಲ್ಲಿ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಲಿ. ಪೂರ್ತಿ ಚೈನ್ ಕವರ್ ಇದ್ದರೆ ಅದನ್ನು ಕಿತ್ತೆಸೆಯಬೇಡಿ. ಆಫೀಸಿನ ಪ್ಯಾಂಟು, ಚೂಡಿದಾರ್ ಉಳಿಯುವುದು ಅದರಿಂದಲೇ.

ಹಂತ 6: ಕೂರುವ ಭಂಗಿ

ಸೀಟಿನ ಎತ್ತರ: ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ನಡು ಪಕ್ಕಕ್ಕೆ ವಾಲಬಾರದು. ಹಾಗಿದ್ದರೆ ಪಾದದ ಉಬ್ಬಿನಿಂದ ತುಳಿಯುವಾಗ ಮೊಣಕಾಲು ಬೇಕಾದಷ್ಟು ಬಾಗುತ್ತದೆ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲೆಂದು ಸೀಟು ಇಳಿಸುವವರೇ ಹೆಚ್ಚು, ಮೊಣಕಾಲಿನ ಮುಂಭಾಗ ನೋಯುವುದು ಅದಕ್ಕೇ. ಸೀಟಿನ ಕಂಬ ಫ್ರೇಮಿನೊಳಗೆ ಕನಿಷ್ಠ ಎರಡೂವರೆ ಇಂಚು ಉಳಿಯಲಿ. ಹ್ಯಾಂಡಲ್ ಕಾಂಡಕ್ಕೂ ಅದೇ ಮಿತಿ, ಮೀರಿದರೆ ಮುರಿಯುತ್ತದೆ.

ಈ ಫ್ರೇಮಿನಲ್ಲಿ ನೆಟ್ಟಗೆ ಕೂರುತ್ತೇವೆ, ಭಾರದ ಬಹುಪಾಲು ಹಿಂದಕ್ಕೆ ಬೀಳುತ್ತದೆ. ಆದ್ದರಿಂದ ಸ್ಪ್ರಿಂಗಿರುವ ಅಗಲ ಸೀಟೇ ಸರಿ, ಕಿರಿದಾದ ಗೇರ್ ಸೈಕಲ್ ಸೀಟು ಇಲ್ಲಿ ಹೊಂದದು. ತುಂಬ ಮೆತ್ತಗಿನ ಸ್ಪಂಜೂ ಬೇಡ: ಹತ್ತು ನಿಮಿಷದಲ್ಲಿ ಮೂಳೆಗಳು ಒಳಗೆ ಮುಳುಗಿ, ಒತ್ತಡವೆಲ್ಲ ನಡುವಿನ ಮೆತ್ತನೆ ಭಾಗಕ್ಕೆ ಬಂದು ಮರಗಟ್ಟುತ್ತದೆ. ಸೀಟಿನ ಮೂತಿ ಸಮ ಅಥವಾ ಕೂದಲೆಳೆಯಷ್ಟು ಮೇಲೆ.

ಹ್ಯಾಂಡಲ್ ಸೀಟಿಗಿಂತ 3-5 ಸೆ.ಮೀ. ಎತ್ತರವಿರಲಿ. ಎತ್ತಲು ಮೊದಲು ಬ್ರೇಕಿನ ಕಂಬಿಗಳ ಕ್ಲ್ಯಾಂಪ್ ಸಡಿಲಿಸಿ, ಆಮೇಲೆ ಮೇಲಿನ ಬೋಲ್ಟನ್ನು ಮೂರು ಸುತ್ತು ಬಿಚ್ಚಿ, ಮರದ ತುಂಡಿಟ್ಟು ಒಂದೇಟು ಹಾಕಿದರೆ ಒಳಗಿನ ಬೆಣೆ ಬಿಡುತ್ತದೆ. ಎರಡು ದಿನ ಓಡಿಸಿ ನೋಡೋಣವೆಂದರೆ ಬ್ರೇಕ್ ಇನ್ನೂ ಕೂರಿಸಿಲ್ಲ. ಆದ್ದರಿಂದ ಭಂಗಿಯನ್ನು ಸ್ಟ್ಯಾಂಡ್ ಹಾಕಿಯೇ, ಗೋಡೆ ಹಿಡಿದೇ ನಿಶ್ಚಯಿಸಿ.

ಹಂತ 7: ಬ್ರೇಕು

ಈಗ ಹ್ಯಾಂಡಲ್, ಚಕ್ರ, ಚೈನು ಯಾವುದೂ ಅಲುಗುವುದಿಲ್ಲ. ನಾಲ್ಕೂ ಬ್ರೇಕ್ ರಬ್ಬರ್ ಹೊಸದು ಹಾಕಿ. ರಬ್ಬರ್ ಕೂರುವ ತಗಡಿನ ಒಂದು ತುದಿ ಮುಚ್ಚಿರುತ್ತದೆ. ರಿಮ್ಮು ರಬ್ಬರನ್ನು ಯಾವ ಕಡೆಗೆ ಎಳೆಯುತ್ತದೋ ಆ ಕಡೆಗೆ ಮುಚ್ಚಿದ ತುದಿ ಬರಬೇಕು. ಚಕ್ರ ಮುಂದಕ್ಕೆ ತಿರುಗಿಸಿ ನೋಡಿಯೇ ಖಚಿತಪಡಿಸಿಕೊಳ್ಳಿ. ಉಲ್ಟಾ ಹಾಕಿದರೆ ಜೋರಾಗಿ ಹಿಡಿದ ಕ್ಷಣದಲ್ಲೇ ರಬ್ಬರ್ ಹಾರಿಹೋಗುತ್ತದೆ.

ರಬ್ಬರಿಗೂ ರಿಮ್ಮಿಗೂ ನಡುವೆ 3 ಮಿ.ಮೀ. ಬಿಟ್ಟು ಕಂಬಿಯ ಕ್ಲ್ಯಾಂಪ್ ಬಿಗಿ ಮಾಡಿ. ಪ್ರತಿ ಕೀಲಿಗೂ ಒಂದು ಹನಿ ಎಣ್ಣೆ, ರಿಮ್ಮಿಗೆ ತಾಗದಂತೆ. ಹಿಡಿ ಪೂರ್ತಿ ಹಿಡಿದಾಗಲೂ ಹ್ಯಾಂಡಲಿಗೆ ತಾಗಬಾರದು. ಪರೀಕ್ಷೆ: ಪಕ್ಕದಲ್ಲಿ ನಿಂತು ಮುಂಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿದರೆ ಹಿಂದಿನ ಚಕ್ರ ಮೇಲೇಳಬೇಕು. ಹಿಂಬ್ರೇಕ್ ಹಿಡಿದು ನೂಕಿದರೆ ಹಿಂದಿನ ಟೈರು ಉಜ್ಜಿಕೊಂಡು ಬರಬೇಕು.

ಒಂದು ಮಾತು ಒತ್ತಿ ಹೇಳಬೇಕು. ಕ್ರೋಮ್ ರಿಮ್ಮು ಒದ್ದೆಯಾದರೆ ಕಂಬಿ ಬ್ರೇಕು ಒಣಗಿದ್ದಾಗಿನ ಹಾಗೆ ಹಿಡಿಯುವುದಿಲ್ಲ. ಮಳೆಯಲ್ಲಿ ಹಿಡಿಯನ್ನು ಮುಂಚೆಯೇ ಹಗುರಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು, ಮುಂದಿನ ಬಸ್ಸಿಗೆ ಎರಡು ಪಟ್ಟು ಅಂತರ ಬಿಡಬೇಕು. ಮಡಿಕೇರಿ, ಸಕಲೇಶಪುರ, ಮಂಗಳೂರಿನಂಥ ಇಳಿಜಾರೂ ಮಳೆಯೂ ಇರುವ ಊರಿನಲ್ಲಿ ದಿನವೂ ಓಡಿಸುವವರು ಕಂಬಿ ಬ್ರೇಕನ್ನು ಮಾತ್ರ ನೆಚ್ಚಬೇಡಿ. ಡ್ರಮ್ ಬ್ರೇಕ್ ಇರುವ ಮುಂದಿನ ಹಬ್ಬು ಕಟ್ಟಿಸಿ. ಅದಕ್ಕೆ ರಿಮ್ ಯಾವುದಾದರೂ ಆದೀತು, ನೀರು ತಾಗುವುದಿಲ್ಲ. ತರಿಸುವ ಮೊದಲು ತೂತಿನ ಲೆಕ್ಕ, ಫೋರ್ಕಿನ ಒಳ ಅಗಲ ಎರಡನ್ನೂ ನೋಡಿ. ಡ್ರಮ್ಮಿನ ತಡೆಗೋಲನ್ನು ಫೋರ್ಕಿನ ಕಾಲಿಗೆ ಗಟ್ಟಿ ಕ್ಲಿಪ್ಪಿನಿಂದ ಬಿಗಿಯಬೇಕು, ತಂತಿ ಸುತ್ತಿದರೆ ಮೊದಲ ಗಟ್ಟಿ ಬ್ರೇಕಿಗೇ ಹಬ್ಬು ತಿರುಗಿಬಿಡುತ್ತದೆ. ಕೇಬಲ್ ಬ್ರೇಕಿಗಾಗಿ ಹಳೆಯ ಫೋರ್ಕಿಗೆ ತೂತು ಕೊರೆಯಬೇಡಿ.

ಹಂತ 8: ದೀಪ, ಸಾಮಾನು, ಮಡ್‌ಗಾರ್ಡು

ಹಳೆಯ ಡೈನಮೋ ಟೈರಿಗೆ ಉಜ್ಜುವುದರಿಂದ ತುಳಿತ ಭಾರವಾಗುತ್ತದೆ, ನಿಂತ ಕೂಡಲೇ ದೀಪವೂ ಆರುತ್ತದೆ. ಚಾರ್ಜ್ ಮಾಡುವ ಎಲ್ಇಡಿ ದೀಪ ಮುಂದೆ ಬಿಳಿ, ಹಿಂದೆ ಕೆಂಪು ಹಾಕಿ. ಹಿಂದಿನ ಮಡ್‌ಗಾರ್ಡಿನ ಬಿಳಿ ಪಟ್ಟಿ, ರಿಫ್ಲೆಕ್ಟರ್ ಉಳಿಸಿಕೊಳ್ಳಿ. ಕ್ಯಾರಿಯರಿನ ಕಾಲು ಎಕ್ಸೆಲ್ಲಿಗೆ ಕೂರುವ ಕಡೆ ಬಿರುಕು ಬಿಟ್ಟಿಲ್ಲವೇ ನೋಡಿ. ಲ್ಯಾಪ್‌ಟಾಪ್ ಚೀಲ ಬೆನ್ನಿಗಿಂತ ಕ್ಯಾರಿಯರಿನ ಪಕ್ಕಕ್ಕೆ ನೇತುಹಾಕುವುದು ಹಿತ, ಆದರೆ ಪಟ್ಟಿಯ ತುದಿ ಕಡ್ಡಿಗೆ ಸಿಗದಂತೆ ಕಟ್ಟಿ. ದುಪಟ್ಟಾ, ಸೆರಗು ಇರುವವರಿಗೆ ಹಿಂದಿನ ಚಕ್ರಕ್ಕೆ ಜಾಲರಿ ಬೇಕೇ ಬೇಕು.

ಮೊದಲ ತಿಂಗಳ ತಪಾಸಣೆ

15 ಕಿ.ಮೀ.ಗೆ ಕಾಟರ್ ಪಿನ್. 50 ಕಿ.ಮೀ.ಗೆ ಕಡ್ಡಿಗಳು: ಎರಡೆರಡನ್ನು ಒಟ್ಟಿಗೆ ಹಿಂಡಿ ನೋಡಿ, ಸಡಿಲ ಸಿಕ್ಕರೆ ಕಾಲು ಸುತ್ತು. 100 ಕಿ.ಮೀ.ಗೆ ಹೊಸ ಚೈನು ಸ್ವಲ್ಪ ಎಳೆದುಕೊಂಡಿರುತ್ತದೆ. ಚಕ್ರ ಹಿಂದೆಳೆದ ಮೇಲೆ ಹಿಂಬ್ರೇಕಿನ ರಬ್ಬರನ್ನೂ ಸರಿಸಲು ಮರೆಯಬೇಡಿ. ಹಬ್ಬಿಗೆ ಎಣ್ಣೆ ಬಿಡುವ ಕಿಂಡಿ ಇದ್ದರೆ ತಿಂಗಳಿಗೆ ನಾಲ್ಕು ಹನಿ ಸಾಕು, ಹೆಚ್ಚಾದರೆ ರಿಮ್ಮಿಗೆ ಸೋರಿ ಬ್ರೇಕು ಜಾರುತ್ತದೆ.

ಬಣ್ಣ

ತಿಂಗಳು ಓಡಿಸಿದ ಮೇಲೂ ಬಣ್ಣ ಬೇಕೆನಿಸಿದರೆ ಈಗ ಯೋಚಿಸಿ. ಮೂಲ ಕಪ್ಪು ಬಣ್ಣ ಮತ್ತು ಚಿನ್ನದ ಗೆರೆ ಅರ್ಧವಾದರೂ ಉಳಿದಿದ್ದರೆ ತುಕ್ಕಿನ ಜಾಗವನ್ನು ಮಾತ್ರ ಉಜ್ಜಿ, ಪ್ರೈಮರ್ ಹಚ್ಚಿ, ಕರಿ ಎನಾಮಲ್ ತೇಪೆ ಹಾಕಿ, ಮೇಲೆ ಮೇಣದ ಪಾಲಿಶ್ ತಿಕ್ಕಿ. ಪೂರ್ತಿ ಪೌಡರ್ ಕೋಟಿಂಗ್ ಮಾಡಿಸುವುದೇ ಆದರೆ ಬೇರಿಂಗಿನ ಕಪ್ಪುಗಳನ್ನೆಲ್ಲ ಬಿಚ್ಚಿಯೇ ಕೊಡಿ, ಬಿ.ಬಿ. ಶೆಲ್ಲಿನ ಮರೆಗೆ ಟೇಪ್ ಸುತ್ತಿಸಿ. ಮರೆಯೊಳಗೆ ಬಣ್ಣ ಬೆಂದು ಗಟ್ಟಿಯಾದರೆ ಅದನ್ನು ಬಿಡಿಸಲು ಮರೆ ಕೊರೆಯುವ ಟ್ಯಾಪ್ ಇರುವ ವರ್ಕ್‌ಶಾಪಿಗೇ ಹೋಗಬೇಕು.